ಅಕ್ಕು ಎರಡೇ ಸಲ ಕರೆದಳು

ಡ್ಯೂಟಿ ಮುಗಿಸಿ ಬೇಬಿಯಕ್ಕ ಬಾವಿಯ ಹತ್ತಿರ ಬಂದಾಗ ಹಿಂದಿನಿಂದ ಯಾರೋ ಕರೆದರು.

"ಬೇಬೀ..."

ತಡೆಯಿರಿ, ಮೊದಲು ಬೇಬಿಯಕ್ಕ ಯಾರು ಅಂತ ಹೇಳಿಬಿಡುತ್ತೇನೆ. ಆಮೇಲೆ ಎಲ್ಲಿಯ ಕತೆಯೋ ಅಂತ ನೀವು ಮೂಗು ಮುರಿಯಬಾರದು. ಗಲ್ಫಿನ ಈ ಮಾಹೂಝಿನಲ್ಲಿ ನಮ್ಮ ಪಕ್ಕದ ರೂಮು ಅವರದ್ದು. ಒಂದೇ ಫ್ಲ್ಯಾಟನ್ನು ಓನರು ಪ್ಲೈವುಡ್ ಹೊಡೆದು ಎರಡು ಮಾಡಿದ್ದಾನೆ. ಆಚೆ ಅವರು ಮಗ್ಗುಲು ಬದಲಿಸಿದರೆ ಈಚೆ ನಮಗೆ ಕೇಳುತ್ತದೆ. ಕಾರ್ಕಳದ ಕಡೆಯವರು. ಗಂಡ ತೀರಿಕೊಂಡಿದ್ದಾನೆ, ಮಕ್ಕಳಿಲ್ಲ. ಊರಿಗೆ ಹೋದರೆ ಬಾಗಿಲು ತೆಗೆಯುವವರಿಲ್ಲ ಅಂತ ರಜೆಯನ್ನೂ ಇಲ್ಲೇ ಕಳೆಯುವ ಹೆಂಗಸು.

ಕೆಲಸ ಒಂದು ಹಳೆ ಹುಚ್ಚಾಸ್ಪತ್ರೆಯಲ್ಲಿ, ಆಯಾ ಆಗಿ. ಯಾವ ಆಸ್ಪತ್ರೆ ಅಂತ ಕೇಳಬೇಡಿ, ಹೇಳುವುದಿಲ್ಲ. ಇಂಗ್ಲಿಷರ ಕಾಲದ್ದು. ಮೊಳದಗಲದ ಗೋಡೆ, ಕಿಟಕಿಗೆಲ್ಲ ಕಬ್ಬಿಣದ ಸರಳು. ಸಾಹೇಬರು ಹೋಗಿ ಐವತ್ತು ವರ್ಷ ದಾಟಿದರೂ ಅವರ ರೂಲ್ಸು ಹೋಗಿರಲಿಲ್ಲ. ದೀಪ ಆರಿಸಿದ ಮೇಲೆ ಹೊರಗಿನಿಂದ ಚಿಲಕ. ಒಳಗೆ ಉಳಿದದ್ದು ಯಾರಿಗೂ ಬೇಡವಾದ ಕೆಲವು ಮುದುಕಿಯರು. ಅವರನ್ನು ಮೀಯಿಸಿ, ತಲೆ ಬಾಚಿ, ಗಂಜಿ ಉಣ್ಣಿಸುವುದು ಬೇಬಿಯಕ್ಕ. ಕಚ್ಚಿದರೆ ಕಚ್ಚಿಸಿಕೊಳ್ಳುವುದೂ ಅವರೇ.

ಆ ಮುದುಕಿಯರಲ್ಲಿ ಒಬ್ಬಳು ಅಕ್ಕು. ನಮ್ಮ ಉಡುಪಿ ಕಡೆಯವಳೇ. ಹುಡುಗಿಯಾಗಿದ್ದಾಗ ಯಾವುದೋ ಸಾಹೇಬನ ಮಗುವನ್ನು ನೋಡಿಕೊಳ್ಳಲು ಹಡಗು ಹತ್ತಿ ಬಂದವಳಂತೆ. ಇಂಗ್ಲಿಷರು ಹೊರಡುವಾಗ ಸಾಹೇಬ ಮಗುವನ್ನು ಕರೆದುಕೊಂಡು ಹೋದ, ಇವಳನ್ನು ಬಿಟ್ಟು ಹೋದ. ಮಗು ಎಲ್ಲಿ, ಮಗು ಎಲ್ಲಿ ಅಂತ ಬೀದಿ ಬೀದಿ ಕೂಗುತ್ತಿದ್ದವಳನ್ನು ತಂದು ಇಲ್ಲಿ ಹಾಕಿದರು. ಆಮೇಲೆ ಕೇಳಲು ಒಂದು ನರಪಿಳ್ಳೆಯೂ ಬರಲಿಲ್ಲ. ಕಲಿತ ಹಿಂದಿ, ಅರಬ್ಬಿ ಎಲ್ಲ ಮರೆತು ಕೊನೆಗೆ ಅವಳ ನಾಲಿಗೆಯಲ್ಲಿ ಉಳಿದದ್ದು ತುಳು ಮಾತ್ರ. ಬೇಬಿಯಕ್ಕನಿಗೂ ಆ ವಾರ್ಡಿನಲ್ಲಿ ತುಳು ಮಾತಾಡಲು ಅವಳೊಬ್ಬಳೇ ಇದ್ದದ್ದು.

ಚಿಲಕ ಬಿದ್ದ ಮೇಲೆ ಅಕ್ಕು ಒಳಗಿನಿಂದ ಕರೆಯುತ್ತಿದ್ದಳು, "ಬೇಬೀ..." ಇವರು ಹೊರಗಿನಿಂದ "ಉಲ್ಲೆ" ಅನ್ನಬೇಕು. ಇದ್ದೇನೆ ಅಂತ. ಅಷ್ಟು ಕೇಳಿದರೆ ನಿದ್ದೆ, ಇಲ್ಲದಿದ್ದರೆ ಇಲ್ಲ.

ಆ ರಾತ್ರಿ ಇನ್ನೊಬ್ಬಳಿಗೆ ಫಿಟ್ಸ್ ಬಂತು. ಹಿಡಿದು, ಒರೆಸಿ, ಮಲಗಿಸುವಷ್ಟರಲ್ಲಿ ಗೇಟಿನಲ್ಲಿ ಸ್ಟಾಫ್ ವ್ಯಾನಿನವನು ಪೋಂ ಪೋಂ ಅಂತ ಹಾರ್ನ್ ಹೊಡೆಯತೊಡಗಿದ. ಬೇಬಿಯಕ್ಕ ಚಿಲಕ ಹಾಕಿ ಓಡಿದರು. ಅಕ್ಕುವಿನ ಕರೆಗೆ ಕಾಯಲಿಲ್ಲ.

ಬಾವಿಯ ಹತ್ತಿರ ಆ ಧ್ವನಿ ಕೇಳಿದ್ದು ಆಗ.

ಬಾವಿ ಅಂದರೆ ನೀರಿಲ್ಲದ್ದು, ಕಾಂಕ್ರೀಟ್ ಮುಚ್ಚಿದ್ದು. ಪಕ್ಕದಲ್ಲಿ ಒಂದು ಬಾದಾಮಿ ಮರ. ಒಣಗಿದ ಎಲೆ ನೆಲಕ್ಕೆ ತಾಗಿ ಸರ್... ಸರ್... ಅನ್ನುತ್ತಿತ್ತು. ದೂರದಲ್ಲಿ ವಾರ್ಡಿನ ಏಸಿ ಗುಂಯ್ ಅನ್ನುತ್ತಿತ್ತು. ಏಸಿ ಬಂದಂದಿನಿಂದ ಕಿಟಕಿಗಳನ್ನೆಲ್ಲ ಮುಚ್ಚಿಬಿಟ್ಟಿದ್ದರು. ಒಳಗಿನ ಧ್ವನಿ ಇಷ್ಟು ದೂರ ಬರುವ ಹಾಗೇ ಇಲ್ಲ.

"ಬೇಬೀ..."

ನಮ್ಮಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ರಾತ್ರಿ ಹೊರಗೆ ಹೆಸರು ಹಿಡಿದು ಕರೆದರೆ ಮೂರನೇ ಸಲದವರೆಗೆ ಓಗೊಡಬಾರದು. ಮನುಷ್ಯರಾದರೆ ಮೂರು ಸಲ ಕರೆಯುತ್ತಾರೆ. ಅದಾದರೆ... ಎರಡಕ್ಕೇ ನಿಲ್ಲುತ್ತದೆ. ಓಗೊಟ್ಟಿರೋ, ಮನೆವರೆಗೂ ಬೆನ್ನು ಬಿಡುವುದಿಲ್ಲ.

ಬೇಬಿಯಕ್ಕ ಉಸಿರು ಬಿಗಿಹಿಡಿದು ನಿಂತರು. ಎರಡಾಯಿತು. ಮೂರನೆಯದು ಬರಲಿಲ್ಲ. ಓಡಿ ವ್ಯಾನ್ ಹತ್ತಿದರು.

ಬೆಳಿಗ್ಗೆ ನೋಡಿದರೆ ಅಕ್ಕು ಕಿಟಕಿಯ ಕೆಳಗೆ ಕೂತೇ ಸತ್ತಿದ್ದಳು. ಒಂದು ಕೈ ಸರಳನ್ನು ಹಿಡಿದೇ ಇತ್ತು. ಪೈಂಟ್ ಹಿಡಿದು ಅಂಟಿಹೋಗಿದ್ದ ಕಿಟಕಿ ಒಂದು ಬೆರಳಿನಷ್ಟು ತೆರೆದಿತ್ತು. ಅವಳ ಉಗುರಿನ ಸಂದಿಯಲ್ಲೆಲ್ಲ ಹಸಿರು ಪೈಂಟ್.

"ಮೂರನೇ ಸಲ ಕರೆಯಲು ಉಸಿರು ಎಲ್ಲಿತ್ತು ಅದಕ್ಕೆ," ಅಂದರಂತೆ ಬೇಬಿಯಕ್ಕ. ಆಮೇಲೆ ಗೋಡೆಗೆ ಹಣೆ ಹಚ್ಚಿ ಅತ್ತರು.

ಕಿಟಕಿಗೆ ಅದೇ ದಿನ ಮೊಳೆ ಹೊಡೆದರು. ಆ ರಾತ್ರಿ ಬಾವಿಯ ಹತ್ತಿರ ಮತ್ತೆ... "ಬೇಬೀ..." ಎರಡು ಸಲ. ಮರುದಿನವೂ ಹಾಗೆಯೇ.

ಗೇಟಿನ ವಾಚ್‌ಮನ್ ಉಳ್ಳಾಲದ ಅಬ್ದುಲ್ ಸಲಾಂ. ಬೇಬಿಯಕ್ಕ ಅವನ ಹತ್ತಿರ ಹೋಗಿ ಪಿಸುಗುಟ್ಟಿದರು.

"ಸಲಾಂ... ನಿನಗೆ ಎಂತಾದ್ರೂ ಕೇಳ್ತದಾ?"

ಅವನು ತಲೆ ಎತ್ತಲಿಲ್ಲ. "ಓಗೊಡ್ಬೇಡಿ ಅಕ್ಕ."

"ಅಂದ್ರೆ... ಕೇಳ್ತದೆ."

"ಒಮ್ಮೆ ಓಗೊಟ್ರೆ ಮತ್ತೆ ಬಿಡುದಿಲ್ಲ ಅದು. ಸುಮ್ನೆ ಹೋಗಿ. ಈ ತಿಂಗಳು ಮುಗಿದ್ರೆ ವಾರ್ಡೇ ಬಂದ್ ಅಲ್ವಾ?"

ಹೌದು, ಮುದುಕಿಯರನ್ನು ಹೊಸ ಕಟ್ಟಡಕ್ಕೆ ಸಾಗಿಸಿ ಹಳೆಯದಕ್ಕೆ ಬೀಗ ಹಾಕುವುದಿತ್ತು. ಬೇಬಿಯಕ್ಕನಿಗೆ ಹೆದರಿಕೆ ಇರಲಿಲ್ಲ ಅಂದರೆ ಸುಳ್ಳು. ಆದರೆ ಅದಕ್ಕಿಂತ ದೊಡ್ಡ ಸಂಕಟ ಇನ್ನೊಂದಿತ್ತು. ಎಲ್ಲರೂ ಹೋದ ಮೇಲೆ ಆ ಖಾಲಿ ಕಟ್ಟಡದಲ್ಲಿ ಅಕ್ಕು ಯಾರನ್ನು ಕರೆಯಬೇಕು? ಸಾಹೇಬ ಬಿಟ್ಟು ಹೋದ ಹಾಗೆ ನಾನೂ ಬಿಟ್ಟು ಹೋಗುವುದೇ?

ಕೊನೆಯ ರಾತ್ರಿ. ಮಂಚಗಳೆಲ್ಲ ಹೋಗಿದ್ದವು. ಏಸಿ ನಿಂತಿತ್ತು. ಖಾಲಿ ವಾರ್ಡಿಗೂ ಅಭ್ಯಾಸಬಲದಿಂದ ಚಿಲಕ ಹಾಕಹೋದ ಬೇಬಿಯಕ್ಕ... ಹಾಕಲಿಲ್ಲ. ಬಾಗಿಲನ್ನು ಹಾಗೇ ತೆರೆದಿಟ್ಟು ಬಾವಿಯ ಹತ್ತಿರ ಬಂದು ನಿಂತರು. ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ.

"ಬೇಬೀ..."

ಎರಡನೆಯದಕ್ಕೆ ಅವರು ಕಾಯಲಿಲ್ಲ.

"ಉಲ್ಲೆ," ಅಂದರು. "ಉಲ್ಲೆ ಅಕ್ಕು. ಬಲೆ, ಪೋಯಿ." ಬಾ, ಹೋಗುವ ಅಂತ.

ಹಿಂದೆ ರಬ್ಬರ್ ಚಪ್ಪಲಿಯ ಸದ್ದು. ಚಟ್... ಪರ್... ಚಟ್... ಪರ್... ಒಂದು ಕಾಲನ್ನು ಎಳೆದು ನಡೆಯುವವರ ಸದ್ದು. ಅಕ್ಕು ನಡೆಯುತ್ತಿದ್ದದ್ದೇ ಹಾಗೆ. ಬೇಬಿಯಕ್ಕ ತಿರುಗಿ ನೋಡಲಿಲ್ಲ. ಅವಸರವನ್ನೂ ಮಾಡಲಿಲ್ಲ. ವ್ಯಾನ್ ಹತ್ತಿ, ಬಾಗಿಲು ಎಳೆಯದೆ ಸ್ವಲ್ಪ ಹೊತ್ತು ಕೂತರು.

"ಇನ್ನು ಯಾರು ಬರ್ಲಿಕ್ಕೆ ಉಂಟು?" ಡ್ರೈವರ್ ಕೇಳಿದ.

"ಬಂದಾಯ್ತು. ಹೋಗುವ."

ಇಷ್ಟು ಬೇಬಿಯಕ್ಕ ಹೇಳಿದ್ದು. ಇನ್ನು ಮುಂದಿನದು ನಾನು ಕೇಳಿದ್ದು. ನಾನು ಕುಡಿಯುವವನಲ್ಲ, ನನ್ನ ಕಿವಿಯೂ ನೆಟ್ಟಗಿದೆ.

ರಾತ್ರಿ ಆಚೆ ರೂಮಿನಲ್ಲಿ ಸ್ವಿಚ್ಚು ಟಕ್ ಅನ್ನುತ್ತದೆ. ಮಂಚ ಕಿರ್ರ್ ಅನ್ನುತ್ತದೆ. ಆಮೇಲೆ ಕತ್ತಲಲ್ಲಿ ಬೇಬಿಯಕ್ಕ ಮೆತ್ತಗೆ ಕರೆಯುತ್ತಾರೆ.

"ಅಕ್ಕೂ..."

ಒಂದೇ ಸಲ. ಕೂಡಲೇ ಪ್ಲೈವುಡ್ಡಿನ ಆಚೆಯಿಂದ, ಅವರದ್ದಲ್ಲದ ಒಂದು ಮುದಿ ಸ್ವರ...

"ಉಲ್ಲೆ."

ಅದಾದ ಸ್ವಲ್ಪ ಹೊತ್ತಿಗೆ ಬೇಬಿಯಕ್ಕನ ಗೊರಕೆ ಶುರುವಾಗುತ್ತದೆ. ನಿದ್ದೆ ಬಾರದೆ ಸಾಯುವವನು ನಾನು. ನಡೆದದ್ದು ಮಾರಾಯ್ರೆ, ಬೇಕಾದರೆ ಇವತ್ತು ಇಲ್ಲೇ ಮಲಗಿ.