ಅತ್ತಿಗೆಯ ರಿಪೋರ್ಟು

ಬೆಳಿಗ್ಗೆ ಲ್ಯಾಬಿನಲ್ಲಿ ಪರೀಕ್ಷೆಗೆ ರಕ್ತ ಕೊಟ್ಟುಬಂದಿದ್ದ ದರ್ಜಿಗೆ, ಸಂಜೆ ಬಸ್ಸಿನ ಸಾಲಿನಲ್ಲಿ ಮುಂದೆ ನಿಂತಿದ್ದ ಅದೇ ಲ್ಯಾಬಿನ ಇಬ್ಬರು ಹೆಂಗಸರ ಮಾತು ಕಿವಿಗೆ ಬಿತ್ತು.

"ಆಸ್ಪತ್ರೆಯಿಂದ ಅಂತ ಫೋನ್ ಬಂತಕ್ಕ. ಪಾಸ್‌ವರ್ಡ್ ಇರೋ ಲಿಂಕ್ ತೆರೀತಿಲ್ಲ, ಇವತ್ತಿನ ರಿಪೋರ್ಟೆಲ್ಲಾ ಬೇರೆ ಮೇಲ್‌ಗೆ ಕಳಿಸಿ ಅಂದ್ರು."

"ಕಳಿಸಿಬಿಟ್ಯಾ?"

"ಇನ್ನೇನು ಕಳಿಸ್ಬೇಕು ಅನ್ನೋಷ್ಟರಲ್ಲಿ ಪಟ್ಟೀಲಿ ನಮ್ಮತ್ತಿಗೆ ಹೆಸರು ಕಾಣ್ತು. ನಮ್ಮೋರ ರಿಪೋರ್ಟು ಯಾರ ಕೈಗೆ ಹೋಗುತ್ತೋ ಅಂತ ಅಲ್ಲೇ ನಿಲ್ಲಿಸ್ದೆ."

"ಆಮೇಲೆ?"

"ನಾನೇ ಆಸ್ಪತ್ರೆಗೆ ಫೋನ್ ಮಾಡ್ದೆ. ನಾವು ಕೇಳೇ ಇಲ್ಲ, ಲಿಂಕ್ ಚೆನ್ನಾಗೇ ಇದೆ ಅಂದ್ರು."

ಹಿರಿಯಳು ಎದೆಯ ಮೇಲೆ ಕೈಯಿಟ್ಟುಕೊಂಡಳು. "ಸದ್ಯ, ಬದುಕಿಕೊಂಡ್ವಿ ಕಣೇ! ಅತ್ತಿಗೆಗೆ ಏನಂತೆ?"

"ನೋಡ್ಲಿಲ್ಲ."

"ಕೈಯಲ್ಲೇ ಇತ್ತಲ್ಲೇ!"

"ಇತ್ತು. ಹೇಳ್ಬೇಕು ಅನ್ನಿಸಿದಾಗ ಅವಳೇ ಹೇಳ್ತಾಳೆ, ಬಿಡಕ್ಕ."

ಬಸ್ಸು ಬಂತು. ಇಬ್ಬರೂ ಹತ್ತಿದರು. ತನ್ನ ರಿಪೋರ್ಟೂ ಅದೇ ಪಟ್ಟಿಯಲ್ಲಿತ್ತಲ್ಲ ಎಂದುಕೊಳ್ಳುತ್ತಾ ದರ್ಜಿಯೂ ಹತ್ತಿದ.