ನಾಲ್ಕನೇ ಪಿಸ್ಟನ್

ಇಲ್ಲಿ ಸೇರಿರುವ ಹಿರಿಯರೇ, ಗ್ಯಾರೇಜಿನ ಗೆಳೆಯರೇ, ಮುಂದಿನ ಸಾಲಿನಲ್ಲಿ ಕೂತಿರುವ ಅತ್ತಿಗೆ, ಮಗಳು, ಅಳಿಯಂದಿರು — ಎಲ್ಲರಿಗೂ ನಮಸ್ಕಾರ.

ನನಗೆ ಭಾಷಣ ಬರುವುದಿಲ್ಲ. ಅಳುವೂ ಬಂದಿಲ್ಲ. ಸೋಮವಾರ ಬೆಳಿಗ್ಗೆ ಅಣ್ಣ ಬೂಟಿನ ಲೇಸ್ ಕಟ್ಟುತ್ತಾ ಬಿದ್ದರು, ಮತ್ತೆ ಏಳಲಿಲ್ಲ ಅಂತ ಫೋನ್ ಬಂತು. 'ಹ್ಞೂಂ' ಅಂದೆ. ಕೈಯಲ್ಲಿದ್ದ ಬೋಲ್ಟನ್ನು ಪೂರ್ತಿ ಬಿಗಿ ಮಾಡಿ ಆಮೇಲೆ ಹೊರಟೆ. ಯಾಕೆ ಹಾಗೆ ಮಾಡಿದೆ — ಗೊತ್ತಿಲ್ಲ.

ಇಪ್ಪತ್ತೆರಡು ವರ್ಷ ಒಂದೇ ಬೆಂಚಿನ ಎರಡು ಕಡೆ ಕೆಲಸ ಮಾಡಿದ್ದೇವೆ. ಗಿರಾಕಿಗಳು ಅವರಿಗೆ ಇಟ್ಟ ಹೆಸರು ನಿಧಾನಪ್ಪ. ಎದುರಿಗೇ ಕರೆಯುತ್ತಿದ್ದರು. 'ನಿಧಾನಪ್ಪನವರೇ, ನನ್ನ ಗಾಡಿ ಈ ಜನ್ಮದಲ್ಲಿ ಸಿಗುತ್ತಾ?' 'ಸಿಗುತ್ತೆ ಸ್ವಾಮಿ. ನಿಲ್ಲಬೇಕಾದ ಕಡೆ ಅದು ನಿಲ್ಲಬೇಕೋ, ಬೇಡವೋ?'

ವರ್ಷಗಟ್ಟಲೆ ನಿಂತ ಗಾಡಿಯ ಬ್ರೇಕಿನಲ್ಲಿ, ಚಕ್ರವನ್ನು ಒತ್ತಿ ನಿಲ್ಲಿಸುವ ಪಿಸ್ಟನ್ ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ. ನಾವೆಲ್ಲ ಏರ್ ಪೈಪ್ ಹಿಡಿದು, ಗಾಳಿ ಹೊಡೆದು ಹಾರಿಸುತ್ತಿದ್ದೆವು. ನೋಡಿ — ಈ ಹೆಬ್ಬೆರಳು. ಉಗುರಿಲ್ಲ. ಪಿಸ್ಟನ್ ಗುಂಡಿನ ಹಾಗೆ ಬಂತು. ಅಣ್ಣ ಬಟ್ಟೆ ಸುತ್ತುತ್ತಾ ಬೈದರು: 'ಉಳಿದ ಒಂಬತ್ತೂ ಬೇಡ ಅಂದ್ರೆ ಈಗ್ಲೇ ಹೇಳಿಬಿಡಪ್ಪ, ಒಟ್ಟಿಗೆ ಸುತ್ತಿಬಿಡ್ತೀನಿ.'

ಅವರ ದಾರಿ ಬೇರೆ. ಎಣ್ಣೆ ಬಿಟ್ಟು ನೆನೆಸಿಡೋದು. ಆಮೇಲೆ ಬ್ರೇಕ್ ಆಯಿಲ್ ಬರುವ ತೂತಿಗೆ ಗ್ರೀಸ್ ಗನ್ ಸಿಕ್ಕಿಸಿ ಹಿಂದಿನಿಂದ ಒತ್ತೋದು — ಒಂದು ಒತ್ತು. ನಿಲ್ಲೋದು. ಇನ್ನೊಂದು ಒತ್ತು. ಬಿಟ್ಟುಕೊಳ್ಳುವಾಗ ಪಿಸ್ಟನ್ ಸಣ್ಣಗೆ 'ಟಕ್' ಅನ್ನುತ್ತದೆ. ಅದು ಕೇಳಬೇಕು ಅಂತ ಇಡೀ ಗ್ಯಾರೇಜನ್ನು ಸುಮ್ಮನಿರಿಸುತ್ತಿದ್ದರು. 'ಕಂಪ್ರೆಸರ್ ಆಫ್ ಮಾಡ್ರೋ. ಆ ರೇಡಿಯೋ. ನೀನೂ ಬಾಯಿ ಮುಚ್ಚು.' 'ನೀನೂ' ಅಂದರೆ ನಾನು.

ಅವರ ಕೊನೆಯ ಕೆಲಸ ಅತ್ತಿಗೆಯ ಕಾರು. ಅತ್ತಿಗೆ ಡ್ರೈವಿಂಗ್ ಕಲಿತ ಕಾರು. ಆರು ವರ್ಷದಿಂದ ಮನೆ ಹಿಂದೆ ನಿಂತಿತ್ತು. ಅತ್ತಿಗೆ ಓಡಿಸಬೇಕು, ತಾನು ಪಕ್ಕ ಕೂರಬೇಕು — ಅದು ಅಣ್ಣನ ಆಸೆ. ನಾಲ್ಕು ಚಕ್ರಗಳಲ್ಲಿ ಮೂರರ ಪಿಸ್ಟನ್ ಬಿಡಿಸಿದ್ದರು. ನಾಲ್ಕನೆಯದು ಬೆಂಚಿನ ವೈಸಿನ ಹಿಡಿತದಲ್ಲಿ, ಗನ್ ಸಿಕ್ಕಿಸಿದ ಹಾಗೇ ಇತ್ತು.

ಅಳಿಯಂದಿರು ನಿನ್ನೆ ಬಂದು ಮೆಲ್ಲಗೆ ಹೇಳಿದರು — 'ಶನಿವಾರ ಗುಜರಿಯವರು ಬರ್ತಾರೆ. ಆ ಕಾರು ನೋಡಿದಾಗೆಲ್ಲ ಅತ್ತೆಗೆ ಸಂಕಟ.' ಅವರು ಹೇಳಿದ್ದು ಒಳ್ಳೆಯ ಮನಸ್ಸಿನಿಂದಲೇ. ಆದರೆ ಅತ್ತಿಗೆಯನ್ನು ಯಾರೂ ಕೇಳಿದ ಹಾಗೆ ಕಾಣಲಿಲ್ಲ.

ಇವತ್ತು ಬೆಳಿಗ್ಗೆ ಬೆಂಚಿನ ಮುಂದೆ ನಿಂತೆ. ಶನಿವಾರದೊಳಗೆ ಮುಗಿಸುವ ಅವಸರ — ಏರ್ ಪೈಪ್ ಕೈಗೆ ಬಂದೇಬಿಟ್ಟಿತ್ತು. ಹೆಬ್ಬೆರಳು ನೋಡಿದೆ, ಪೈಪನ್ನು ಅಲ್ಲೇ ಇಟ್ಟೆ. ಕಂಪ್ರೆಸರ್ ಆಫ್ ಮಾಡಿ ಗನ್ನನ್ನು ಒಂದು ಸಲ ಒತ್ತಿದೆ. ನಿಂತೆ. ಇನ್ನೊಂದು ಸಲ.

ಟಕ್.

'ಅಣ್ಣಾ, ಕೇಳಿಸ್ತಾ?' ಅಂದೆ. ಬೆಂಚಿನ ಆ ಕಡೆ ನೋಡಿಕೊಂಡೇ ಅಂದೆ.

ಪಿಸ್ಟನ್ ಕೂದಲೆಳೆಯಷ್ಟು ಸರಿದಿದೆ. ಪೂರ್ತಿ ಬರೋಕೆ ಇನ್ನೂ ದಿನ ಬೇಕು. ಅತ್ತಿಗೆ — ನಿಮ್ಮನ್ನೇ ಕೇಳುತ್ತಿದ್ದೇನೆ. ಕಾರು ನಿಮ್ಮದು. ಬೇಡ ಅಂದರೆ ಗನ್ ಬಿಚ್ಚಿಡುತ್ತೇನೆ. ಬೇಕಾ?

ಅತ್ತಿಗೆ 'ಬೇಕು' ಅಂತ ತಲೆಯಾಡಿಸಿದರು. ಸರಿ. ಅಳಿಯಂದಿರೇ, ನೀವೂ ನೋಡಿದಿರಿ.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಎರಡು ನಿಮಿಷ. ಯಾರಾದರೂ ಆ ಫ್ಯಾನ್ ಆಫ್ ಮಾಡಿ.

ನಾನೂ ಬಾಯಿ ಮುಚ್ಚುತ್ತೇನೆ.