ನೋಡದೆ ಬರೆದ ನಾಲ್ಕು ಡಿಗ್ರಿ

ನಾನು ಗುರುವಪ್ಪ, ಪ್ರಾಯ 63 ವರ್ಷ, ತಂದೆ ದಿವಂಗತ ಐತಪ್ಪ, ಪಶು ರೋಗ ತಪಾಸಣಾ ಪ್ರಯೋಗಾಲಯದ ನಿವೃತ್ತ ತಂತ್ರಜ್ಞ, ಈಗ ಪಶು ರೋಗನಿರೋಧಕ ವಿಜ್ಞಾನಿಗಳ ಸಂಘದ ಕರಾವಳಿ ಘಟಕದಲ್ಲಿ ಕಚೇರಿ ಕಾರ್ಯದರ್ಶಿ, ವಾಸ ಕಾಟಿಪಳ್ಳ, ಮಂಗಳೂರು. ಈ ದಿನ ದಿನಾಂಕ 27-11-2025ರಂದು ಸಂಜೆ 4.50ಕ್ಕೆ ಕಾವೂರು ಠಾಣೆಗೆ ನಾನಾಗಿಯೇ ಬಂದು ಈ ಮೂಲಕ ತಿಳಿಸುವುದೇನೆಂದರೆ, ನನಗೆ ಬೇರೆ ಯಾರ ಮೇಲೂ ದೂರು ಇಲ್ಲ. ದೂರು ನನ್ನ ಮೇಲೆಯೇ. ಅದನ್ನು ಆಮೇಲೆ ನೋಡಿಕೊಳ್ಳಬಹುದು. ಮೊದಲು ಖೈರುನ್ನಿಸಾ ಎಂಬ ಹೆಂಗಸನ್ನೂ ಆಕೆಯ ಏಳು ವರ್ಷದ ಮಗಳು ಸಾಜಿದಾಳನ್ನೂ ಹುಡುಕಿಕೊಡಬೇಕು. ಆ ಮಗುವಿಗೆ ರೇಬೀಸ್ ಇರಬಹುದಾದ ಬೆಕ್ಕು ಕಚ್ಚಿದೆ. ಆಸ್ಪತ್ರೆಗೆ ಹೋಗುವುದು ಬೇಡ ಎಂದು ತಾಯಿಗೆ ಹೇಳಿದವನು ನಾನು.

ನಮ್ಮ ಸಂಘದಲ್ಲಿ 212 ಸದಸ್ಯರಿದ್ದಾರೆ. ಎಲ್ಲರೂ ಪಶುವೈದ್ಯರು, ಲಸಿಕೆಯ ಬಗ್ಗೆ ಕೆಲಸ ಮಾಡುವವರು. ನಾನೊಬ್ಬನೇ ವೈದ್ಯನಲ್ಲದವನು. ಸಭೆ ಕರೆಯುವುದು, ಪತ್ರ ಬರೆಯುವುದು, ಮೂರು ತಿಂಗಳಿಗೊಮ್ಮೆ ಸಂಘದ ವಾರ್ತಾಪತ್ರ ಹೊರತರುವುದು, ಲಸಿಕೆ ಕಾಯುವುದು ನನ್ನ ಕೆಲಸ. ಈ ತಿಂಗಳ 14 ಮತ್ತು 15ರಂದು ನಗರದ ಒಂದು ಸಭಾಭವನದಲ್ಲಿ ವಾರ್ಷಿಕ ಸಮ್ಮೇಳನ, 16ರ ಭಾನುವಾರ ಕಾವೂರಿನಲ್ಲಿ ನಾಯಿ ಬೆಕ್ಕುಗಳಿಗೆ ಉಚಿತ ರೇಬೀಸ್ ಲಸಿಕೆ ಶಿಬಿರ ಎಂದು ಸಂಘದ ಅಧ್ಯಕ್ಷರಾದ ಡಾ. ಡ್ಯಾಫ್ನಿ ಅವರು ನಿಶ್ಚಯಿಸಿದ್ದರು.

ದಿನಾಂಕ 13ರಂದು ಸಂಜೆ 5.20ಕ್ಕೆ 20 ಬಾಟಲಿ ಲಸಿಕೆ ಬಂತು. ಒಂದು ಬಾಟಲಿಯಲ್ಲಿ ಹತ್ತು ಪ್ರಾಣಿಗಳಿಗೆ ಆಗುವಷ್ಟು ಇರುತ್ತದೆ. ಸಭಾಭವನದ ಅಡುಗೆಮನೆಯಲ್ಲಿ ಮುಚ್ಚಳ ಮೇಲಕ್ಕೆ ತೆರೆಯುವ ದೊಡ್ಡ ತಂಪು ಪೆಟ್ಟಿಗೆ ಒಂದಿದೆ. ಅದರ ಸ್ವಿಚ್ಚನ್ನು ಒಂದು ಕಡೆ ತಿರುಗಿಸಿದರೆ ಫ್ರಿಜ್ಜಿನಷ್ಟು ತಂಪು, ಇನ್ನೊಂದು ಕಡೆ ತಿರುಗಿಸಿದರೆ ನೀರು ಕಲ್ಲಾಗುವಷ್ಟು ತಂಪು. ನಾನು ಫ್ರಿಜ್ಜಿನ ಕಡೆಗೆ ತಿರುಗಿಸಿ ಲಸಿಕೆ ಇಟ್ಟೆ. ಈ ಲಸಿಕೆ 2ರಿಂದ 8 ಡಿಗ್ರಿಯ ಒಳಗೆ ಇರಬೇಕು. ಬಿಸಿಯಾದರೂ ಹಾಳು, ಹೆಪ್ಪುಗಟ್ಟಿದರಂತೂ ಪೂರ್ತಿ ಹಾಳು. ಹೆಪ್ಪುಗಟ್ಟಿ ಕರಗಿದ ಲಸಿಕೆಯೂ ನೋಡಲು ಲಸಿಕೆಯ ಹಾಗೆಯೇ ಇರುತ್ತದೆ. ಇದನ್ನು ನಾನು 34 ವರ್ಷ ಬೇರೆಯವರಿಗೆ ಪಾಠ ಮಾಡಿದ್ದೇನೆ.

ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಮುಚ್ಚಳ ತೆರೆದು, ಒಳಗಿನ ಥರ್ಮಾಮೀಟರ್ ನೋಡಿ, ಪುಸ್ತಕದಲ್ಲಿ ಬರೆದು ಸಹಿ ಹಾಕುವುದು ಕ್ರಮ. 14ರಂದು ಬೆಳಿಗ್ಗೆ 8.00 ಗಂಟೆಗೆ ನೋಡಿದೆ, 4 ಡಿಗ್ರಿ ಇತ್ತು, ಬರೆದೆ. 9.30ಕ್ಕೆ ಉದ್ಘಾಟನೆ. 64 ಪ್ರತಿನಿಧಿಗಳ ಬ್ಯಾಡ್ಜ್ ಕಟ್ಟುವುದು ಬಾಕಿ ಇತ್ತು, ಪ್ರೊಜೆಕ್ಟರ್ ಬಂದಿರಲಿಲ್ಲ, ಸ್ವಾಗತಕ್ಕೆ ತರಿಸಿದ ಹೂವು ಬಾಡಿತ್ತು. ಆದುದರಿಂದ 8.05ಕ್ಕೆ ನಾನು ಅಂದಿನ ಸಂಜೆಯದ್ದು, ಮರುದಿನ ಬೆಳಿಗ್ಗೆಯದ್ದು ಮತ್ತು ಸಂಜೆಯದ್ದು ಮೂರನ್ನೂ ಮುಂಚಿತವಾಗಿ ಬರೆದು ಸಹಿ ಹಾಕಿದೆ. ಎರಡು ಪೆನ್ನು ಬಳಸಿದೆ. ಎರಡು ಕಡೆ 4 ಎಂದೂ ಒಂದು ಕಡೆ 5 ಎಂದೂ ಬರೆದೆ, ಎಲ್ಲ ಒಂದೇ ಇದ್ದರೆ ನಂಬುವ ಹಾಗೆ ಕಾಣುವುದಿಲ್ಲ ಎಂದು. ಇದೇ ಮೊದಲ ಸಲ ಎಂದು ನಾನು ಹೇಳುವುದಿಲ್ಲ. ಯಾವತ್ತೂ ಎಂತದೂ ಆಗಿರಲಿಲ್ಲ, ಅಷ್ಟೆ.

ಅದೇ ದಿನ ಸಂಜೆ 6.00 ಗಂಟೆಗೆ ನಾನು ಬಹುಮಾನದ ಪಟ್ಟಿ ಹಿಡಿದು ವೇದಿಕೆಯ ಮೆಟ್ಟಿಲ ಮೇಲಿದ್ದಾಗ ಅಡುಗೆಮನೆಯ ಉಸ್ತುವಾರಿ ಲತೇಶ್ ಬಂದು, "ಗುರುವಪ್ಪಣ್ಣ, ಊಟಕ್ಕೆ ಐಸ್‌ಕ್ರೀಮ್ ಉಂಟು. ನಿಮ್ಮ ಮದ್ದು ಇರುವ ಪೆಟ್ಟಿಗೆಯಲ್ಲೇ ಇಡುದಾ? ಸ್ವಿಚ್ ತಿರುಗಿಸ್ಬೇಕಾಗ್ತದೆ" ಎಂದು ಕೇಳಿದರು. ನಾನು "ಇಡಿ ಮಾರಾಯ್ರೆ, ನನ್ನ ತಲೆ ತಿನ್ಬೇಡಿ" ಎಂದೆ. ಸ್ವಿಚ್ಚಿನ ಮಾತು ನನ್ನ ಕಿವಿಗೆ ಬಿತ್ತೋ ಇಲ್ಲವೋ ಎಂದು ಸಬ್ ಇನ್‌ಸ್ಪೆಕ್ಟರ್ ಶ್ರವಣ್ ಅವರು ಈಗ ಕೇಳುತ್ತಾರೆ. ಬಿದ್ದಿತ್ತು ಎಂದೇ ಬರೆದುಕೊಳ್ಳಿ. ಲತೇಶ್ ಅವರದ್ದು ಏನೂ ತಪ್ಪಿಲ್ಲ. ಅವರು ಕೇಳಿದ್ದಾರೆ, ನಾನು ಒಪ್ಪಿದ್ದೇನೆ. ಮರುದಿನ ಬೆಳಿಗ್ಗೆ ಅವರೇ ನೆನಪಿನಿಂದ ಸ್ವಿಚ್ಚನ್ನು ಮೊದಲಿನಂತೆ ತಿರುಗಿಸಿದ್ದಾರೆ.

16ರ ಬೆಳಿಗ್ಗೆ 8.30ಕ್ಕೆ ಪೆಟ್ಟಿಗೆ ತೆರೆದಾಗ ಥರ್ಮಾಮೀಟರ್ 5 ತೋರಿಸಿತು. ಅದನ್ನು ನೋಡಿಯೇ ಬರೆದದ್ದು. 9.15ರಿಂದ ಮಧ್ಯಾಹ್ನ 1.40ರವರೆಗೆ 143 ಪ್ರಾಣಿಗಳಿಗೆ ಲಸಿಕೆ ಹಾಕಲಾಯಿತು. ನೋಂದಣಿ ಪುಸ್ತಕದಲ್ಲಿ ಬರೆಯುತ್ತಿದ್ದವನು ನಾನು. 118ನೆಯವರಾಗಿ ಖೈರುನ್ನಿಸಾ ಬಂದರು. ತಾಯಿಮನೆ ಕಾವೂರು, ಗಂಡನ ಮನೆ ತೊಕ್ಕೊಟ್ಟು ಎಂದರು. ಮಗಳ ಕೈಯಲ್ಲಿ ಪ್ಲಾಸ್ಟಿಕ್ ಬುಟ್ಟಿ, ಒಳಗೆ ಕಂದು ಬಣ್ಣದ ಬೆಕ್ಕು, ಹೆಸರು ಬಿಸ್ಕುಟ್. ಆ ಮಗು ನನ್ನ ಮೇಜಿಗೆ ಗಲ್ಲ ಊರಿ, "ಅಜ್ಜ, ಇದಕ್ಕೆ ನೋವಾಗ್ತದಾ?" ಎಂದು ಕೇಳಿತು. ನಾನು ತಲೆ ಎತ್ತದೆ "ಎಂತದೂ ಆಗುದಿಲ್ಲ, ಮುಂದೆ ಹೋಗು" ಎಂದೆ. ಹಿಂದೆ ಸಾಲು ಉದ್ದ ಇತ್ತು. ವಿಳಾಸದ ಜಾಗದಲ್ಲಿ ತೊಕ್ಕೊಟ್ಟು ಎಂದಷ್ಟೇ ಬರೆದಿದ್ದೇನೆ. ಮೊಬೈಲ್ ಸಂಖ್ಯೆಯಲ್ಲಿ ಒಂಬತ್ತು ಅಂಕೆಗಳು ಮಾತ್ರ ಇವೆ. ಹೊರಡುವಾಗ ಅವರಿಗೆ ಕೊಟ್ಟ ಕಾರ್ಡಿನಲ್ಲಿ ನಮ್ಮ ಕಚೇರಿಯ ದೂರವಾಣಿ ಸಂಖ್ಯೆ ಇತ್ತು.

18ರಂದು "ಕಾವೂರಿನ 143 ಪ್ರಾಣಿಗಳಿಗೆ ರಕ್ಷಾಕವಚ" ಎಂಬ ಸುದ್ದಿಯನ್ನು ಫೋಟೋ ಸಮೇತ ಎಲ್ಲ ಸದಸ್ಯರಿಗೂ ವಾಟ್ಸಾಪಿನಲ್ಲಿ ಕಳುಹಿಸಿದೆ. ತಲೆಬರಹ ನನ್ನದೇ.

ನಿನ್ನೆ ದಿನಾಂಕ 26ರಂದು ಬೆಳಿಗ್ಗೆ 11.40ಕ್ಕೆ ಹಂಪನಕಟ್ಟೆಯ ನಮ್ಮ ಕಚೇರಿಯ ಲ್ಯಾಂಡ್‌ಲೈನಿಗೆ ಖೈರುನ್ನಿಸಾ ಫೋನ್ ಮಾಡಿದರು. ಎರಡು ದಿನದಿಂದ ಬೆಕ್ಕು ತಿನ್ನುತ್ತಿಲ್ಲ, ಮಂಚದ ಅಡಿಯಲ್ಲಿ ಕತ್ತಲಲ್ಲಿ ಕೂರುತ್ತದೆ, ಬಾಯಲ್ಲಿ ಜೊಲ್ಲು, ಹಿಂದಿನ ದಿನ ಸಂಜೆ ಹೊರಗೆ ಎಳೆಯಲು ಹೋದ ಮಗಳ ಬಲಗೈ ಹೆಬ್ಬೆರಳಿನ ಬುಡಕ್ಕೆ ಕಚ್ಚಿದೆ, ರಕ್ತ ಬಂದಿದೆ ಎಂದರು. "ಆಸ್ಪತ್ರೆಗೆ ಹೋಗ್ಬೇಕಾ ಸರ್? ನೀವು ಇಂಜೆಕ್ಷನ್ ಕೊಟ್ಟಿದ್ದೀರಲ್ಲ?" ಎಂದು ಕೇಳಿದರು. ನಾನು ವಾರ್ತಾಪತ್ರದ ಪುಟ ಜೋಡಿಸುತ್ತಿದ್ದೆ. "ನಮ್ಮ ಲಸಿಕೆ ಆದ ಮೇಲೆ ಹೆದರಿಕೆ ಎಂತಕ್ಕೆ? ಅದು ಇಂಜೆಕ್ಷನಿನ ಜ್ವರ, ಇಳೀತದೆ. ಮಗುವಿನ ಕೈಯನ್ನು ಸೋಪು ಹಾಕಿ ತೊಳೀರಿ, ಸಾಕು" ಎಂದೆ. ಅವರು "ದೊಡ್ಡ ಉಪಕಾರ ಆಯ್ತು ಸರ್" ಎಂದು ಫೋನ್ ಇಟ್ಟರು. ಮಾತು ಎರಡು ನಿಮಿಷವೂ ಆಗಿರಲಿಲ್ಲ.

ಹೇಳಿಕೆ ಟೈಪ್ ಮಾಡುವವರು ಇಲ್ಲಿ "ಸುಮಾರು 11.40" ಎಂದು ಹಾಕಿದ್ದರು. ನಾನು ಜಗಳ ಮಾಡಿ "ಸುಮಾರು" ಎಂಬುದನ್ನು ತೆಗೆಸಿದೆ. ಆ ಕರೆಯ ಸಮಯವನ್ನು ಗೋಡೆ ಗಡಿಯಾರ ನೋಡಿ ಕಚೇರಿಯ ಕರೆಗಳ ಪುಸ್ತಕದಲ್ಲಿ ಬರೆದಿದ್ದೇನೆ. ಈಗ ಆ ಒಂದು ಸಾಲು ಬಿಟ್ಟರೆ ಆ ಮಗುವಿನ ಹತ್ತಿರ ಹೋಗಲು ನನಗೆ ಬೇರೆ ದಾರಿ ಇಲ್ಲ. ನಮ್ಮ ಹಳೆಯ ಫೋನಿನಲ್ಲಿ ಕರೆ ಮಾಡಿದವರ ಸಂಖ್ಯೆ ಕಾಣುವುದಿಲ್ಲ.

ಈ ದಿನ ಬೆಳಿಗ್ಗೆ 10.30ಕ್ಕೆ ವಾರ್ತಾಪತ್ರದಲ್ಲಿ ಹಾಕಲು ತಾಪಮಾನದ ಒಂದು ಚಂದದ ರೇಖಾನಕ್ಷೆ ಬೇಕೆಂದು, ಲಸಿಕೆಯ ರಟ್ಟಿನ ಪೆಟ್ಟಿಗೆಯೊಳಗೆ ಇದ್ದ ಲಾಗರನ್ನು ಕಂಪ್ಯೂಟರಿಗೆ ಜೋಡಿಸಿದೆ. ಲಾಗರ್ ಎಂದರೆ ಹತ್ತು ನಿಮಿಷಕ್ಕೊಮ್ಮೆ ತಾನೇ ತಾಪಮಾನ ಬರೆದಿಡುವ ಸಣ್ಣ ಯಂತ್ರ. ಗೆರೆ 14ರ ಸಂಜೆ 6.10ಕ್ಕೆ ಕೆಳಗೆ ಬೀಳಲು ಶುರುವಾಗಿ, ಸೊನ್ನೆ ದಾಟಿ, ಮೈನಸ್ 14ಕ್ಕೆ ಇಳಿದು, ಮರುದಿನ ಬೆಳಿಗ್ಗೆ 8.40ರ ನಂತರ ಮೇಲೆ ಬಂದಿದೆ. ಪಕ್ಕದಲ್ಲಿ ನನ್ನ ಪುಸ್ತಕ ತೆರೆದಿತ್ತು. 4, 4, 5.

10.50ಕ್ಕೆ, ಶಿಬಿರದಲ್ಲಿ ಉಳಿದಿದ್ದ ಐದು ಬಾಟಲಿಗಳಲ್ಲಿ ಒಂದನ್ನೂ ಕಚೇರಿಯ ಫ್ರಿಜ್ಜಿನಲ್ಲಿದ್ದ, ಹೆಪ್ಪುಗಟ್ಟದ ಬೇರೆ ಒಂದು ಬಾಟಲಿಯನ್ನೂ ಒಟ್ಟಿಗೆ ಕುಲುಕಿ ಮೇಜಿನ ಮೇಲಿಟ್ಟೆ. ಹದಿನೈದು ನಿಮಿಷದಲ್ಲಿ ನಮ್ಮ ಬಾಟಲಿಯ ತಳದಲ್ಲಿ ಒಡೆದ ಹಾಲಿನ ಹಾಗೆ ಚೂರು ಚೂರು ಕೂತಿತು. ಇನ್ನೊಂದರಲ್ಲಿ ಹಾಗೆ ಆಗಲಿಲ್ಲ. ಹೆಪ್ಪುಗಟ್ಟಿ ಹಾಳಾದ ಲಸಿಕೆಯನ್ನು ಕಂಡುಹಿಡಿಯುವುದು ಹೀಗೆಯೇ. ಮತ್ತೊಂದು ಬಾಟಲಿ ಕುಲುಕಿದೆ, ಮತ್ತೊಂದು ಕುಲುಕಿದೆ, ಐದೂ ಹಾಗೆಯೇ.

11.25ಕ್ಕೆ ಡಾ. ಡ್ಯಾಫ್ನಿ ಅವರಿಗೆ ಫೋನಿನಲ್ಲಿ ಎಲ್ಲವನ್ನೂ ಹೇಳಿದೆ. ಪೆನ್ನುಗಳ ವಿಷಯವನ್ನೂ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಗುರುವಪ್ಪಣ್ಣ, ಲಸಿಕೆ ಒಳ್ಳೆಯದಿದ್ರೂ ಹತ್ತು ದಿನಕ್ಕೆ ಅದನ್ನು ನಂಬ್ಲಿಕ್ಕೆ ಆಗುದಿಲ್ಲ. ಯಾವ ಬೆಕ್ಕು ಕಚ್ಚಿದ್ರೂ ಆಸ್ಪತ್ರೆಗೆ ಹೋಗಿ ಅಂತ್ಲೇ ಹೇಳ್ಬೇಕು. ನಿಮ್ಗೆ ಗೊತ್ತಿಲ್ವಾ?" ಎಂದು ಕೇಳಿದರು. ಗೊತ್ತಿದೆ. ವಾರ್ತಾಪತ್ರದ ಮೂರು ಸಂಚಿಕೆಗಳಲ್ಲಿ ಅದನ್ನು ಟೈಪ್ ಮಾಡಿದವನೇ ನಾನು. ರೋಗದ ಲಕ್ಷಣ ಶುರುವಾದ ಮೇಲೆ ಯಾವ ಮದ್ದೂ ಇಲ್ಲ, ಅದಕ್ಕೆ ಮೊದಲು ಹೋದರೆ ಜೀವ ಉಳಿಯುತ್ತದೆ ಎಂಬುದನ್ನೂ ದಪ್ಪ ಅಕ್ಷರದಲ್ಲಿ ಹಾಕಿದ್ದೇನೆ. ಉಳಿದ 142 ಮಂದಿಗೆ ಫೋನ್ ಮಾಡುವ ಕೆಲಸವನ್ನು ಡಾಕ್ಟರರು ಇತರ ಸದಸ್ಯರೊಂದಿಗೆ ಕೂಡಲೇ ಶುರು ಮಾಡಿದರು.

ನಾನು 12.15ರ ಬಸ್ಸು ಹಿಡಿದು 12.55ಕ್ಕೆ ತೊಕ್ಕೊಟ್ಟಿನಲ್ಲಿ ಇಳಿದೆ. 3.20ರವರೆಗೆ 31 ಅಂಗಡಿಗಳಲ್ಲಿ ವಿಚಾರಿಸಿದೆ. ಒಬ್ಬ ಹಣ್ಣಿನ ವ್ಯಾಪಾರಿ ನಕ್ಕು, "ಖೈರುನ್ನಿಸಾ ಅಂದ್ರೆ ಇಲ್ಲಿ ಹತ್ತು ಜನ ಸಿಗ್ತಾರೆ. ಯಾವ ಮನೆಯವರು ಹೇಳಿ" ಎಂದರು. ಬಿಸ್ಕುಟ್ ಎಂಬ ಬೆಕ್ಕು ಸಾಕಿದವರು ಎಂದೆ. ನನಗೆ ತಲೆ ಸರಿ ಇಲ್ಲ ಎಂದು ಅವರು ತಿಳಿದಿರಬೇಕು. ಶಾಲೆ ಬಿಡುವ ಹೊತ್ತು ಆಗುತ್ತಾ ಬಂತು. ಯಾರದ್ದಾದರೂ ಬಲಗೈ ಹೆಬ್ಬೆರಳಿನ ಬುಡದಲ್ಲಿ ಗಾಯ ಕಾಣುತ್ತದೋ ಎಂದು ಸಮವಸ್ತ್ರದ ಮಕ್ಕಳ ಕೈಗಳನ್ನು ನೋಡುತ್ತಾ ನಿಂತೆ. ಒಬ್ಬ ತಾಯಿ ನನ್ನನ್ನು ಗದರಿಸಿ ಕಳುಹಿಸಿದರು, ಸರಿಯಾಗಿಯೇ ಮಾಡಿದರು. ಅಲ್ಲಿಂದ ನೇರ ಇಲ್ಲಿಗೆ ಬಂದೆ. ಆ ಕರೆ ಯಾವ ಸಂಖ್ಯೆಯಿಂದ ಬಂತು ಎಂದು ಫೋನ್ ಕಂಪನಿಯವರು ನನಗೆ ಹೇಳುವುದಿಲ್ಲ, ಪೊಲೀಸರು ಕೇಳಿದರೆ ಹೇಳುತ್ತಾರೆ. ನನ್ನನ್ನು ಒಳಗೆ ಹಾಕುವುದಿದ್ದರೆ ಹಾಕಿ, ಮೊದಲು ಅದನ್ನು ಕೇಳಿ ಎಂದು ಬಂದ ಕೂಡಲೇ ಕೈಮುಗಿದು ಕೇಳಿಕೊಂಡಿದ್ದೇನೆ. ಶ್ರವಣ್ ಅವರು ಜೀವದ ಪ್ರಶ್ನೆ ಎಂದು ಕಂಪನಿಗೆ ತಿಳಿಸಿದ ನಂತರವೇ ಈ ಹೇಳಿಕೆ ಶುರುವಾದದ್ದು.

ಇಷ್ಟು ಬರೆದಾಗ 6.15. ಈಗ ಸಂಖ್ಯೆ ಬಂದಿದೆ. ಅದು ತೊಕ್ಕೊಟ್ಟಿನಲ್ಲಿ ಬೇಕರಿ ಇಟ್ಟಿರುವ ಸಿದ್ದೀಕ್ ಎಂಬವರದ್ದು. ಅವರ ಬೇಕರಿಯ ಮುಂದೆ ನಾನು 1.50ಕ್ಕೆ ಹಾದುಹೋಗಿದ್ದೆ. ಊಟದ ಹೊತ್ತೆಂದು ಷಟರ್ ಅರ್ಧ ಇಳಿದಿತ್ತು, ಕೇಳದೆ ಮುಂದೆ ಹೋಗಿದ್ದೆ.

ಶ್ರವಣ್ ಅವರು 6.18ಕ್ಕೆ ಕರೆ ಮಾಡಿ ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದರು. ಖೈರುನ್ನಿಸಾ ಬೇಕರಿಯ ಹಿಂದಿನ ಮನೆಯವರೆಂದೂ, ಅವರ ಫೋನ್ ನೀರಿಗೆ ಬಿದ್ದು ಹಾಳಾದ್ದರಿಂದ ತನ್ನ ಫೋನಿನಲ್ಲಿ ಮಾತಾಡಿದ್ದೆಂದೂ ಸಿದ್ದೀಕ್ ತಿಳಿಸಿದರು. ಬೆಕ್ಕು ಇಂದು ಬೆಳಿಗ್ಗೆ ಸತ್ತಿದೆ. ಮಗು ಅದನ್ನು ಟವೆಲಿನಲ್ಲಿ ಸುತ್ತಿ ಹೂಳಲು ಕೊಟ್ಟಿದೆ. "ನನಗೂ ಪರಚಿದೆ ಸರ್. ನಾನು ನಿನ್ನೆಯೇ ಆಸ್ಪತ್ರೆಗೆ ಹೊರಟಿದ್ದೆ. ಡಾಕ್ಟ್ರು ಬೇಡ ಅಂದಿದ್ದಾರೆ ಅಂತ ಖೈರುನ್ನಿಸಾ ಹೇಳಿದ್ದಕ್ಕೆ ಬಿಟ್ಟೆ" ಎಂದರು. ಹಾಗೆ ಹೇಳಿದವನು ಡಾಕ್ಟರಲ್ಲ, ನಾನು, ಖೈರುನ್ನಿಸಾರನ್ನು ಬೇಗ ಫೋನಿಗೆ ಕರೆಯಿರಿ ಎಂದೆ.

6.24ಕ್ಕೆ ಖೈರುನ್ನಿಸಾ ಫೋನಿಗೆ ಬಂದರು. ನಾನು ನಿನ್ನೆ ಹೇಳಿದ್ದು ತಪ್ಪು, ಲಸಿಕೆ ಹಾಳಾಗಿತ್ತು, ಈ ಕ್ಷಣವೇ ಮಗುವನ್ನು ಕರೆದುಕೊಂಡು ಹೊರಡಿ ಎಂದೆ. ಅವರು "ನೀವೇ ಅಲ್ವಾ ಸರ್ ಬೇಡ ಅಂದದ್ದು? ನಾನು ನಿನ್ನೆಯದ್ದು ನಂಬುದಾ, ಇವತ್ತಿನದ್ದು ನಂಬುದಾ?" ಎಂದು ಕೇಳಿದರು. ನನ್ನನ್ನು ನಂಬಲೇಬೇಡಿ, ಆಸ್ಪತ್ರೆಯವರನ್ನು ಕೇಳಿ, ದಮ್ಮಯ್ಯ ಹೊರಡಿ ಎಂದೆ. ಅವರು ಅಳಲು ಶುರು ಮಾಡಿದರು. ಫೋನ್ ಮಗುವಿನ ಕೈಗೆ ಹೋಯಿತು. ಬಿಸ್ಕುಟಿಗೆ ಇಂಜೆಕ್ಷನ್ ಕೊಡಿಸಿದ ಅಜ್ಜನಾ ಎಂದು ಕೇಳಿತು. ಹೌದು ಎಂದೆ.

"ಈಗ ನನಗೆ ಕೊಡ್ತಾರಾ? ನೋವಾಗ್ತದಾ ಅಜ್ಜ?" ಎಂದು ಕೇಳಿತು.

"ಆಗ್ತದೆ ಮಗಾ. ಗಾಯದ ಸುತ್ತಲೂ ಚುಚ್ಚುತ್ತಾರೆ. ತುಂಬಾ ನೋವಾಗ್ತದೆ. ಆದ್ರೂ ಹೋಗು" ಎಂದೆ.

6.38ಕ್ಕೆ ಸಿದ್ದೀಕ್ ತನ್ನ ಕಾರಿನಲ್ಲಿ ತಾಯಿ ಮಗಳನ್ನು ಕೂರಿಸಿಕೊಂಡು ಹೊರಟರೆಂದು ತಿಳಿದುಬಂತು. ಕಚ್ಚಿ ಎರಡು ದಿನ ಕಳೆದಿದೆ. ಅದರಲ್ಲಿ ಒಂದು ದಿನ ನಾನು ಕಳೆದದ್ದು. ತಡವಾಯಿತೋ ಇಲ್ಲವೋ ನನಗೆ ಗೊತ್ತಿಲ್ಲ, ಯಾರಿಗೂ ಈಗಲೇ ಗೊತ್ತಾಗುವುದಿಲ್ಲ. 142 ಮಂದಿಯಲ್ಲಿ ಒಂಬತ್ತು ಮಂದಿ ಇನ್ನೂ ಸಿಕ್ಕಿಲ್ಲ. ಅವರ ಪಟ್ಟಿ, ತಾಪಮಾನದ ಪುಸ್ತಕ, ಲಾಗರ್ ಮತ್ತು ಎರಡು ಪೆನ್ನುಗಳನ್ನು ಈ ಹೇಳಿಕೆಯೊಂದಿಗೆ ಹಾಜರುಪಡಿಸಿದ್ದೇನೆ.

ಮೇಲೆ ಬರೆದುದನ್ನು ಠಾಣೆಯವರು ಓದಿ ಹೇಳಿದರು. ಅಷ್ಟು ಸಾಲದೆಂದು ನಾನೂ ಕನ್ನಡಕ ಹಾಕಿ ಸಾಲು ಸಾಲಾಗಿ ಓದಿದ್ದೇನೆ. ನಾನು ಹೇಳಿದಂತೆಯೇ ಇದೆ, ನಿಜವಾಗಿದೆ. ಸಮಯದ ಜಾಗದಲ್ಲಿ 6.45 ಎಂದು ಮೊದಲೇ ಟೈಪ್ ಮಾಡಿ ಇಟ್ಟಿದ್ದರು. ಅದನ್ನು ಹೊಡೆದುಹಾಕಿ, ಎದ್ದು ಹೋಗಿ ಗಡಿಯಾರ ನೋಡಿ ಬಂದು ನನ್ನ ಕೈಯಿಂದಲೇ ಬರೆದಿದ್ದೇನೆ.

ಸ್ಥಳ: ಕಾವೂರು, ಮಂಗಳೂರು
ದಿನಾಂಕ: 27-11-2025
ಸಮಯ: ಸಂಜೆ 6 ಗಂಟೆ 52 ನಿಮಿಷ, ನೋಡಿ ಬರೆದದ್ದು

ಸಹಿ: ಗುರುವಪ್ಪ